ತಿಪಟೂರಿಂದ ಹೊಸ ಕಾರ್ ತಗೊಳ್ತಿದೀವಿ, ಈ ಆನ್ ರೋಡ್ ಕೊಟೇಶನ್ ನೋಡಿ ಸ್ವಲ್ಪ ಹೇಳಿ, ಏನೇನು ಬಿಡಿಸ್ಬೋದು?

ತೆಂಗಿನತೋಟ_44

ಎಲ್ಲರಿಗೂ ನಮಸ್ಕಾರ. ನಮ್ದು ತಿಪಟೂರು ಹತ್ರ ಹಳ್ಳಿ, ನಾನು ಹೈಸ್ಕೂಲ್ ಮೇಷ್ಟ್ರು, ಅಪ್ಪ ತೋಟ ನೋಡ್ಕೊಳ್ತಾರೆ. ಅಪ್ಪನ ಹೆಸರಲ್ಲಿರೋ ಹಳೇ ಕಾರಿಗೆ ಈಗ ವರ್ಷಾ ವರ್ಷಾ ಏನಾದ್ರೂ ಒಂದು ಖರ್ಚು ಬರ್ತಾನೇ ಇದೆ, ಅಮ್ಮಂಗೆ ಮಂಡಿ ನೋವು ಬೇರೆ, ಬಗ್ಗಿ ಹತ್ತೋದು ಇಳಿಯೋದು ಕಷ್ಟ ಆಗ್ತಿದೆ. ಹಂಗಾಗಿ ಅದನ್ನ ಎಕ್ಸ್‌ಚೇಂಜ್‌ಗೆ ಹಾಕಿ ಸ್ವಲ್ಪ ಎತ್ತರ ಇರೋ ಚಿಕ್ಕ ಪೆಟ್ರೋಲ್ ಗಾಡಿ ತಗೊಳೋಣ ಅಂತ ಮನೇಲಿ ತೀರ್ಮಾನ ಆಗಿದೆ. 1.2 ಲೀಟರ್ ಇಂಜಿನ್, ನಾಲ್ಕು ಮೀಟರ್ ಒಳಗಿನ ಗಾಡಿ.

ತುಮಕೂರಿನ ಒಂದು ಶೋರೂಮ್‌ನಲ್ಲಿ ಕೊಟೇಶನ್ ಕೊಟ್ಟಿದಾರೆ. ಎಕ್ಸ್ ಶೋರೂಮ್ 8,60,000, ಆರ್‌ಟಿಓ 1,48,000, ಇನ್ಶೂರೆನ್ಸ್ 46,500, ಲಾಜಿಸ್ಟಿಕ್ಸ್ ಮತ್ತೆ ಹ್ಯಾಂಡ್ಲಿಂಗ್ 9,500, ಎಸೆನ್ಷಿಯಲ್ ಆಕ್ಸೆಸರಿ ಕಿಟ್ 24,000, ಎಕ್ಸ್‌ಟೆಂಡೆಡ್ ವಾರಂಟಿ 14,500, ಟೆಫ್ಲಾನ್ ಮತ್ತೆ ಅಂಡರ್‌ಬಾಡಿ ಕೋಟಿಂಗ್ 12,000, ಫಾಸ್ಟ್ಯಾಗ್ 600. ಒಟ್ಟು 11,15,100. ಇದ್ರಲ್ಲಿ 25,000 ಡಿಸ್ಕೌಂಟ್ ಕೊಡ್ತೀವಿ ಅಂತಾರೆ ಆದ್ರೆ "ಕಿಟ್ ಮತ್ತೆ ಇನ್ಶೂರೆನ್ಸ್ ನಮ್ಮತ್ರನೇ ತಗೊಂಡ್ರೆ ಮಾತ್ರ ಸರ್" ಅಂತಾರೆ. ಎಂಟು ಲಕ್ಷ ಲೋನ್, ಏಳು ವರ್ಷಕ್ಕೆ ಹಾಕಿದ್ರೆ ತಿಂಗಳಿಗೆ 12,900 ಅಷ್ಟೇ ಆಗುತ್ತೆ, ನಿಮ್ಮ ಸಂಬಳಕ್ಕೆ ಏನೂ ಅಲ್ಲ ಅಂತ ಅಲ್ಲೇ ಕೂತಿದ್ದ ಫೈನಾನ್ಸ್‌ನವ್ರು ಹೇಳಿದ್ರು.

ನಂಗೆ ಗೊತ್ತಾಗ್ಬೇಕಿರೋದು, ಇದ್ರಲ್ಲಿ ಯಾವುದು ಕಟ್ಲೇಬೇಕು ಯಾವುದು ಬಿಡಬಹುದು? ಇನ್ನೊಂದು, ಅವ್ರು ಆಷಾಢದ ಆಫರ್ ಅಂತ ಅವಸರ ಮಾಡ್ತಿದಾರೆ, ಅಮ್ಮ ಆಷಾಢದಲ್ಲಿ ಗಾಡಿ ಮನೆಗೆ ತರೋದೇ ಬೇಡ ಅಂತಾರೆ. ತಿಳಿದೋರು ದಯವಿಟ್ಟು ಹೇಳಿ.

ಮೈಸೂರು_ಲೆಕ್ಕ

ಮೇಷ್ಟ್ರೇ, ನಾನು ಬಹಳ ವರ್ಷ ಮೈಸೂರಲ್ಲಿ ಒಂದು ಕಾರ್ ಶೋರೂಮಿನ ಅಕೌಂಟ್ಸ್ ಸೆಕ್ಷನ್‌ನಲ್ಲಿ ಕೆಲಸ ಮಾಡಿದೀನಿ, ಈಗ ರಿಟೈರ್ಡ್. ನಿಮ್ಮ ಕೊಟೇಶನ್ ನೋಡಿದ ತಕ್ಷಣ ಒಂದೊಂದು ಸಾಲೂ ಬೇರೆ ಬೇರೆ ಲೆಕ್ಕ ಹಾಕ್ಬೇಕು ಅನ್ನಿಸ್ತು. ಒಟ್ಟು ಮೊತ್ತದ ಮೇಲೆ ಚೌಕಾಸಿ ಮಾಡೋಕೆ ಹೋಗ್ಲೇಬೇಡಿ, ಅಲ್ಲಿ 25,000 ಬಿಟ್ಟಂಗೆ ಮಾಡಿ ಬೇರೆ ಸಾಲಲ್ಲಿ ಅದಕ್ಕಿಂತ ಜಾಸ್ತಿ ಸೇರಿಸಿರ್ತಾರೆ, ನಿಮ್ಮ ಕೊಟೇಶನ್‌ನಲ್ಲೂ ಅದೇ ಆಗಿದೆ.

ಮೊದ್ಲು ಆರ್‌ಟಿಓ. ನಮ್ಮ ಕರ್ನಾಟಕದಲ್ಲಿ ಪೆಟ್ರೋಲ್ ಡೀಸೆಲ್ ಕಾರಿಗೆ ಲೈಫ್ ಟೈಮ್ ಟ್ಯಾಕ್ಸ್ 5 ಲಕ್ಷದ ತನಕ ಶೇ 13, 5ರಿಂದ 10 ಲಕ್ಷಕ್ಕೆ ಶೇ 14, 10ರಿಂದ 20 ಲಕ್ಷಕ್ಕೆ ಶೇ 17, ಅದಕ್ಕೂ ಮೇಲೆ ಶೇ 18. ಆ ಟ್ಯಾಕ್ಸ್ ಮೇಲೆ ಮತ್ತೆ ಶೇ 11 ಸೆಸ್. ನಿಮ್ಮ ಗಾಡಿಗೆ 8,60,000ಕ್ಕೆ ಶೇ 14 ಅಂದ್ರೆ 1,20,400, ಅದರ ಮೇಲೆ ಸೆಸ್ 13,244, ಒಟ್ಟು 1,33,644. ರಿಜಿಸ್ಟ್ರೇಶನ್ ಫೀಸ್ 600, ಲೋನ್ ಇದ್ರೆ ಹೈಪಾಥಿಕೇಶನ್‌ಗೆ (ಗಾಡಿ ಮೇಲೆ ಸಾಲ ಇದೆ ಅಂತ ಆರ್‌ಸಿಲಿ ಬರೆಸೋದಕ್ಕೆ) 1,500, ಸ್ಮಾರ್ಟ್ ಕಾರ್ಡ್ 200, ಇನ್ನೂ ಚಿಕ್ಕಪುಟ್ಟ ಫೀಸ್ ಸೇರಿದ್ರೂ 1,37,000 ಆಸುಪಾಸಲ್ಲಿ ನಿಲ್ಬೇಕು. ಅವ್ರು ಹಾಕಿರೋದು 1,48,000. ಮಿಕ್ಕಿದ್ದು ಏನು ಅಂತ ಕೇಳಿ, "ಆಫೀಸ್ ಖರ್ಚು ಸರ್" ಅಂದ್ರೆ ರಸೀದಿ ಇರೋವಷ್ಟು ಮಾತ್ರ ಕೊಡ್ತೀನಿ ಅನ್ನಿ. ಈಗ ಫುಲ್ಲಿ ಬಿಲ್ಟ್ ಗಾಡಿನ ಆರ್‌ಟಿಓ ಆಫೀಸಿಗೆ ತೋರ್ಸೋಕೆ ಒಯ್ಯೋದೂ ಇಲ್ಲ, ಡೀಲರ್ ಕೂತಲ್ಲೇ ಸರ್ಕಾರದ ಪರಿವಾಹನ್ ಸೈಟಲ್ಲಿ ಕಟ್ತಾರೆ, ರಸೀದಿ ಬಂದೇ ಬರುತ್ತೆ.

ಇದೇ ಜಾಗದಲ್ಲಿ ಇನ್ನೊಂದು ಮಾತು ಹೇಳ್ಬಿಡ್ತೀನಿ, ಬೇರೆಯವ್ರಿಗೂ ಉಪಯೋಗ ಆಗುತ್ತೆ. ಸೇಲ್ಸ್‌ನವ್ರು ಮೇಲಿನ ವೇರಿಯಂಟ್‌ಗೆ ಹೋಗಿ ಸರ್ ಸ್ವಲ್ಪನೇ ಜಾಸ್ತಿ ಅಂತ ಎಳೀತಾರಲ್ಲ, ಆ ಎಳೆಯೋದ್ರಲ್ಲಿ ಎಕ್ಸ್ ಶೋರೂಮ್ 10 ಲಕ್ಷ ದಾಟಿದ್ರೆ ಪೂರ್ತಿ ಬೆಲೆಗೆ ಶೇ 17 ಬೀಳುತ್ತೆ. 9.90 ಲಕ್ಷದ ಗಾಡಿಗೆ ಟ್ಯಾಕ್ಸ್ ಸೆಸ್ ಸೇರಿ ಸುಮಾರು 1,53,850, 10.10 ಲಕ್ಷದ್ದಕ್ಕೆ ಸುಮಾರು 1,90,600. ಗಾಡಿ ಬೆಲೆ 20,000 ಜಾಸ್ತಿ, ಟ್ಯಾಕ್ಸ್ 36,000ಕ್ಕೂ ಮೇಲೆ ಜಾಸ್ತಿ. 10 ಲಕ್ಷ ದಾಟಿದ್ರೆ ಶೇ 1 ಟಿಸಿಎಸ್ (ಡೀಲರ್ ಮುಂಚೆನೇ ಹಿಡಿಯೋ ಆದಾಯ ತೆರಿಗೆ) ಬೇರೆ ಕಟ್ಟಿಸ್ಕೊಳ್ತಾರೆ, ಅದು ಐಟಿ ರಿಟರ್ನ್ಸ್ ಹಾಕಿದ್ರೆ ವಾಪಸ್ ಸಿಗುತ್ತೆ ಬಿಡಿ.

ಹ್ಯಾಂಡ್ಲಿಂಗ್ 9,500 ಪೂರ್ತಿ ತೆಗೆಸಿ. ಫ್ಯಾಕ್ಟ್ರಿಯಿಂದ ಶೋರೂಮಿಗೆ ಗಾಡಿ ಬರೋ ಖರ್ಚು ಎಕ್ಸ್ ಶೋರೂಮ್ ಬೆಲೆಲೇ ಇರುತ್ತೆ, ಮತ್ತೆ ನಾವ್ಯಾಕೆ ಕೊಡ್ಬೇಕು. ಗಟ್ಟಿಯಾಗಿ ಕೇಳಿದೋರಿಗೆ ತೆಗೀತಾರೆ, ಕೇಳ್ದೆ ಇರೋರ ಬಿಲ್ಲಲ್ಲಿ ಉಳ್ಕೊಳುತ್ತೆ, ಇದನ್ನ ನಾನು ಕಣ್ಣಾರೆ ನೋಡಿ ಬೇಜಾರಾಗಿದೀನಿ, ಪಾಪ ಹಳ್ಳಿಯಿಂದ ಬರೋರು ಪ್ರಿಂಟ್ ಆಗಿರೋದೆಲ್ಲ ಸರ್ಕಾರದ ಲೆಕ್ಕ ಅನ್ಕೊಂಡು ಕಟ್ಟಿ ಹೋಗ್ತಾರೆ.

ಇನ್ಶೂರೆನ್ಸ್ ಶೋರೂಮಲ್ಲೇ ಮಾಡಿಸ್ಬೇಕು ಅಂತ ಯಾವ ಕಾನೂನೂ ಇಲ್ಲ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಬೇರೆಯವ್ರಿಗೆ ಆಗೋ ನಷ್ಟದ ಇನ್ಶೂರೆನ್ಸ್) ಕಡ್ಡಾಯ, 2018ರ ಸೆಪ್ಟೆಂಬರ್‌ನಿಂದ ಹಂಗೇ ಇದೆ. ಆ ಥರ್ಡ್ ಪಾರ್ಟಿ ರೇಟ್ ಯಾವ ಕಂಪನಿಗೆ ಹೋದ್ರೂ ಒಂದೇ, 1000ದಿಂದ 1500 ಸಿಸಿ ಕಾರಿಗೆ 2022ರಲ್ಲಿ ನಿಗದಿ ಮಾಡಿದ್ದು ಮೂರು ವರ್ಷಕ್ಕೆ 10,640. ಅಂದ್ರೆ ವ್ಯತ್ಯಾಸ ಇರೋದೆಲ್ಲ ಸ್ವಂತ ಡ್ಯಾಮೇಜ್ ಭಾಗದಲ್ಲಿ ಮತ್ತೆ ಆಡ್ ಆನ್‌ಗಳಲ್ಲಿ (ಹೆಚ್ಚುವರಿ ಕವರ್). ಅದೇ ಐಡಿವಿ (ಗಾಡಿ ಪೂರ್ತಿ ಹೋದ್ರೆ ಕಂಪನಿ ಕೊಡೋ ಗರಿಷ್ಠ ಮೊತ್ತ), ಅದೇ ಆಡ್ ಆನ್ ಇಟ್ಕೊಂಡು ಹೊರಗಡೆ ಎರಡು ಮೂರು ಕಂಪನಿ ಕೊಟೇಶನ್ ತೆಗೀರಿ. ಐಡಿವಿ ಹೊಸ ಗಾಡಿಗೆ ಎಕ್ಸ್ ಶೋರೂಮಿನ ಶೇ 95 ಇರುತ್ತೆ, ನಿಮ್ದು 8,17,000, ಅದನ್ನ ಕಮ್ಮಿ ಮಾಡಿ ಪ್ರೀಮಿಯಂ ಕಮ್ಮಿ ತೋರ್ಸೋ ಕೊಟೇಶನ್ ಬೇಡ. ಝೀರೋ ಡೆಪ್, ಅಂದ್ರೆ ಪಾರ್ಟ್ಸ್ ಸವಕಳಿ ಕಳೀದೆ ಕ್ಲೇಮ್ ಕೊಡೋ ಆಡ್ ಆನ್, ಖಂಡಿತ ಹಾಕ್ಸಿ. ಇಂಜಿನ್ ಪ್ರೊಟೆಕ್ಷನ್ ಮಳೆ ನೀರು ನಿಲ್ಲೋ ಕಡೆ ಓಡಾಟ ಇದ್ರೆ ನೋಡಿ. ಹೊರಗಡೆ ಪಾಲಿಸಿ ಮಾಡಿಸಿದ್ರೆ ವಾರಂಟಿ ಹೋಗುತ್ತೆ ಅಂತ ಹೆದರಿಸ್ತಾರೆ, ವಾರಂಟಿಗೂ ಇನ್ಶೂರೆನ್ಸ್‌ಗೂ ಸಂಬಂಧ ಇಲ್ಲ. ಕ್ಯಾಶ್‌ಲೆಸ್ ವಿಷ್ಯ ಮಾತ್ರ ನಿಜ, ನೀವು ಸರ್ವಿಸ್ ಮಾಡಿಸೋ ವರ್ಕ್‌ಶಾಪ್ ಜೊತೆ ಯಾವ ಯಾವ ಕಂಪನಿ ಟೈಅಪ್ ಇದೆ ಅಂತ ಕೇಳ್ಕೊಂಡು ಅದ್ರಲ್ಲೇ ಒಂದನ್ನ ಆರಿಸ್ಕೊಳಿ.

ಆಮೇಲೆ ನಿಮ್ಮಪ್ಪನ ಹಳೇ ಗಾಡಿ ಪಾಲಿಸಿಲಿ ನೋ ಕ್ಲೇಮ್ ಬೋನಸ್ ಇದ್ಯಾ ನೋಡಿ. ಐದು ವರ್ಷ ಕ್ಲೇಮ್ ಮಾಡಿಲ್ದಿದ್ರೆ ಶೇ 50 ಇರುತ್ತೆ. ಅದು ಗಾಡಿದಲ್ಲ ಮಾಲೀಕರದ್ದು, ಗಾಡಿ ಕೊಟ್ಮೇಲೆ ಕಂಪನಿಯಿಂದ ಎನ್‌ಸಿಬಿ ಸರ್ಟಿಫಿಕೇಟ್ ತಗೊಂಡ್ರೆ ಹೊಸ ಗಾಡಿಯ ಸ್ವಂತ ಡ್ಯಾಮೇಜ್ ಪ್ರೀಮಿಯಂ ಅರ್ಧಕ್ಕೆ ಇಳಿಯುತ್ತೆ. ಆದ್ರೆ ಹೊಸ ಗಾಡಿನೂ ಅಪ್ಪನ ಹೆಸರಲ್ಲೇ ಇರ್ಬೇಕು. ಲೋನ್ ನಿಮ್ಮ ಸಂಬಳದ ಮೇಲೆ ಆದ್ರೆ ಅಪ್ಪನ್ನ ಕೋ ಅಪ್ಲಿಕೆಂಟ್ ಮಾಡೋ ಹಂಗಿದ್ಯಾ ಅಂತ ಬ್ಯಾಂಕಲ್ಲಿ ಮೊದ್ಲೇ ವಿಚಾರ್ಸಿ.

ಎಕ್ಸ್‌ಟೆಂಡೆಡ್ ವಾರಂಟಿ ಕಾರ್ ಕಂಪನಿದೇ ಆಗಿದ್ರೆ ಇಟ್ಕೊಳಿ, ಇದೊಂದು ದಂಡ ಅಲ್ಲ. ಕೋಟಿಂಗ್ 12,000 ಬೇಡ. ಕಿಟ್ಟಲ್ಲಿ ಏನೇನಿದೆ ಅಂತ ಬರೆಸ್ಕೊಳಿ, ಮ್ಯಾಟು, ಮಡ್ ಫ್ಲಾಪ್ ಬಿಟ್ರೆ ಮಿಕ್ಕಿದ್ದು ನಿಮಗೇ ಬೇಡ ಅನ್ಸುತ್ತೆ.

ಹುಬ್ಬಳ್ಳಿ_ಗ್ಯಾರೇಜ್

ಮ್ಯಾಲಿನ ಸರ್ ರೊಕ್ಕದ ಲೆಕ್ಕ ಭಾಳ ಚಲೋ ಹೇಳ್ಯಾರ, ನಾ ಗಾಡಿ ನೋಡೂದರ ಬಗ್ಗೆ ಹೇಳ್ತೀನ್ರಿ. ರೊಕ್ಕ ಎಷ್ಟ ಉಳಿಸಿದ್ರೂ ಯಾರ್ಡ್‌ನಾಗ ವರ್ಷಗಟ್ಲೆ ಬಿಸಲಾಗ ನಿಂತಿದ್ದ ಗಾಡಿ ಮನಿಗಿ ಬಂತಂದ್ರ ಏನ್ ಉಪಯೋಗ್ರಿ.

ಪಿಡಿಐ ಅಂತಾರಲ್ರಿ, ಡೆಲಿವರಿ ಮುಂಚೆ ಗಾಡಿ ಪರೀಕ್ಷೆ, ಅದನ್ನ ರಿಜಿಸ್ಟ್ರೇಶನ್‌ಗಿಂತ ಮೊದ್ಲ ಮಾಡ್ಬೇಕ್ರಿ. ಒಮ್ಮೆ ನಿಮ್ಮ ಹೆಸರಿಗೆ ಟ್ಯಾಕ್ಸ್ ಕಟ್ಟಿ ನಂಬರ್ ಬಂತಂದ್ರ ಮುಗೀತು, ಆಮ್ಯಾಲ ಬಾಗಲಾಗ ಡೆಂಟ್ ಐತಿ, ಬ್ಯಾರೆ ಗಾಡಿ ಕೊಡ್ರಿ ಅಂದ್ರ ಅವ್ರು ಕೊಡೂದಿಲ್ಲ. ಅದಕ್ಕ ಪೂರ್ತಿ ರೊಕ್ಕ ತುಂಬೂ ಮುಂಚೆ ಛಾಸಿ ನಂಬರ್ ಕೇಳ್ರಿ, ಹದಿನೇಳು ಅಕ್ಷರದ್ದ ಇರ್ತೈತಿ, ಅದ ನಂಬರಿನ ಗಾಡಿ ತೋರಸ್ರಿ ಅಂತ ಯಾರ್ಡಿಗೆ ಹೋಗ್ರಿ. ಹಗಲೊತ್ತಿನಾಗ ಬಯಲಾಗ ನಿಲ್ಲಿಸಿ ನೋಡ್ರಿ, ಶೋರೂಮಿನ ಲೈಟಿನಾಗ ಗೀರು ಕಾಣೂದಿಲ್ಲ.

ಟೈರಿನ ಬಾಜು ನಾಲ್ಕಂಕಿ ಇರ್ತಾವ, ಮೊದಲ ಎರಡು ವಾರ, ಕಡೀ ಎರಡು ವರ್ಷ. 2325 ಅಂತಿದ್ರ 2025ರ ಇಪ್ಪತ್ಮೂರನೇ ವಾರದ ಟೈರು. ಸ್ಟೆಪ್ನಿ ಸೇರಿ ಎಲ್ಲಾ ಟೈರೂ ಹೆಚ್ಚೂಕಮ್ಮಿ ಒಂದ ಟೈಮಿನವು ಇರ್ಬೇಕು. ನಾಲ್ಕು ಒಂದ ಟೈಮಿನವು, ಒಂದ ಮಾತ್ರ ಭಾಳ ಹೊಸಾದು ಅಂದ್ರ ಯಾಕ್ ಬದಲ್ಯಾರ ಅಂತ ಕೇಳ್ರಿ. ಕಾಚಿನ ಮ್ಯಾಲೂ ಕಂಪನಿ ಗುರ್ತು ಇರ್ತಾವ, ಎಲ್ಲಾ ಬಾಗಲದ ಕಾಚು ಒಂದ ಕಂಪನಿದ್ದ ಇರ್ಬೇಕು. ಬಾನೆಟ್ ಎತ್ತಿ ಫೆಂಡರಿನ ಬೋಲ್ಟ್ ನೋಡ್ರಿ, ಬೋಲ್ಟಿನ ಮೂಲಿಗೆ ಪೇಂಟ್ ಕಿತ್ತು ಪಾನಾ ಹಾಕಿದ ಗುರ್ತು ಕಂಡ್ರ ಆ ಫೆಂಡರ್ ಬಿಚ್ಚಿ ಜೋಡಿಸ್ಯಾರ ಅಂತ ತಿಳೀರಿ. ಬಾಗಲದ ರಬ್ಬರ್ ಸ್ವಲ್ಪ ಸರಿಸಿ ಒಳಗ ವೆಲ್ಡಿಂಗ್ ಚುಕ್ಕಿ ಒಂದ ಸಮ ಅದಾವೇನು ನೋಡ್ರಿ. ಕೆಳಗ ಬಗ್ಗಿ ಮೊಬೈಲ್ ಬ್ಯಾಟರಿ ಹಿಡದು ಜಂಗು ಐತೇನು, ಆಯಿಲ್ ಸೋರಿ ಐತೇನು. ಸೀಟಿನ ಕೆಳಗ, ಬಾನೆಟ್ ಒಳಗ ಇಲಿ ಕಡದ ವೈರ್ ಐತೇನು, ಯಾರ್ಡ್‌ನಾಗ ನಿಂತ ಗಾಡಿಗೆ ಇದು ಆಗ್ತಿರ್ತೈತ್ರಿ. ಏಸಿ ಹಚ್ಚಿ ಕಾಲ್ ತಾಸು ಬಿಡ್ರಿ, ನಾಲ್ಕೂ ಕಾಚು ಏರಿಸಿ ಇಳಿಸ್ರಿ, ರಿವರ್ಸ್ ಕ್ಯಾಮೆರಾ, ಹಾರ್ನ್, ವೈಪರ್, ಎಲ್ಲಾ ಸೀಟ್ ಬೆಲ್ಟ್ ಎಳದು ನೋಡ್ರಿ. ಮೀಟರ್ ನೂರು ಕಿಲೋಮೀಟರ್ ದಾಟಿದ್ರ ಅದು ಎಲ್ಲಿ ಓಡೇತಿ ಅಂತ ಕೇಳ್ರಿ.

ಗಾಡಿ ತಯಾರಾದ ತಿಂಗಳು ವರ್ಷ ಫಾರ್ಮ್ 21ರಾಗ ಇರ್ತೈತಿ, ಸೇಲ್ ಸರ್ಟಿಫಿಕೇಟ್ ಅಂತಾರ ಅದಕ್ಕ. ಅದನ್ನ ಮೊದ್ಲ ತೋರಸ್ರಿ ಅನ್ರಿ. ಹಳೇ ವರ್ಷದ ಸ್ಟಾಕ್ ಇದ್ರ ತಗೋಬ್ಯಾಡ್ರಿ ಅಂತಲ್ಲ, ಆದ್ರ ಮುಂದ ಮಾರೂವಾಗ ಆರ್‌ಸಿನಾಗ ಇರೂ ವರ್ಷಕ್ಕ ರೇಟ್ ಹೇಳ್ತಾರ, ಅದಕ್ಕ ತಕ್ಕಂಗ ಡಿಸ್ಕೌಂಟ್ ದೊಡ್ಡದ ಇರ್ಬೇಕು.

ಮತ್ತ ನಿಮ್ಮ ಅವ್ವಾರನ್ನ ಟೆಸ್ಟ್ ಡ್ರೈವಿಗೆ ಕರ್ಕೊಂಡ ಹೋಗ್ರಿ. ಹಿಂದಿನ ಸೀಟಿನಾಗ ಕುಂಡ್ರಿಸಿ ತಾವ ಹತ್ತಿ ಇಳೀಲಿ, ಬಾಗಲ ಎಷ್ಟ ಅಗಲ ತೆಗೀತೈತಿ, ಸೀಟು ಅವ್ರ ಸೊಂಟದ ಎತ್ತರಕ್ಕ ಐತೇನು, ಹಿಡ್ಕೊಳ್ಳಾಕ ಮ್ಯಾಲೆ ಹ್ಯಾಂಡಲ್ ಐತೇನು. ಶೋರೂಮಿನ ಮುಂದಿನ ಹೈವೇ ಮ್ಯಾಲೆ ಒಂದ್ ಸುತ್ತು ಹೊಡದ್ರ ಏನೂ ತಿಳಿಯೂದಿಲ್ರಿ, ಗಾಡಿ ಊರಿಗೆ ತರಸ್ರಿ, ನಿಮ್ಮ ತೋಟದ ಹಾದಿಯಾಗ ಓಡಸ್ರಿ. ಖರೀದಿ ಮಾಡೂ ಮನಷಾ ಅದಾನ ಅಂತ ಗೊತ್ತಾದ್ರ ತರ್ತಾರ.

ತೆಂಗಿನತೋಟ_44

ಇಬ್ರಿಗೂ ತುಂಬಾ ಥ್ಯಾಂಕ್ಸ್. ಅಮ್ಮನ್ನ ಹಿಂದೆ ಕೂರಿಸಿ ನೋಡೋದು ನಂಗೆ ಹೊಳೆದಿರ್ಲೇ ಇಲ್ಲ, ನಾವು ಬರೀ ಮುಂದಿನ ಸೀಟು ಸ್ಕ್ರೀನು ನೋಡ್ತಿದ್ವಿ. ಗಾಡಿ ಮನೆಗೆ ತರೋಕೆ ಹೇಳಿದೀನಿ. ಲೋನ್ ಬಗ್ಗೆ ಯಾರಾದ್ರೂ ಹೇಳಿ, ಏಳು ವರ್ಷ ಸರೀನಾ? ಆಷಾಢದ್ದೂ.

ಹಾಸನ_ಬ್ಯಾಂಕ್_ಕೌಂಟರ್

ನಾನು ಬ್ಯಾಂಕಲ್ಲಿ ಲೋನ್ ಸೆಕ್ಷನ್‌ನಲ್ಲೇ ಇರೋಳು, ದಿನಾ ಇದೇ ನೋಡ್ತೀನಿ. ಇಎಂಐ ಎಷ್ಟು ಅಂತ ಮಾತ್ರ ಕೇಳ್ಬೇಡಿ ಸರ್, ಒಟ್ಟು ಬಡ್ಡಿ ಎಷ್ಟು ಕಟ್ತೀನಿ ಅಂತ ಕೇಳಿ. ಎಂಟು ಲಕ್ಷಕ್ಕೆ ಶೇ 9 ರೆಡ್ಯೂಸಿಂಗ್ (ಉಳಿದ ಅಸಲಿಗೆ ಮಾತ್ರ ಬಡ್ಡಿ) ಅಂತ ಇಟ್ಕೊಳಿ, ಏಳು ವರ್ಷಕ್ಕೆ ಇಎಂಐ ಸುಮಾರು 12,870, ಒಟ್ಟು ಬಡ್ಡಿ 2,81,000. ಅದೇ ಐದು ವರ್ಷಕ್ಕೆ ಇಎಂಐ ಸುಮಾರು 16,600, ಬಡ್ಡಿ 1,96,000. ತಿಂಗಳಿಗೆ 3,700 ಜಾಸ್ತಿ ಕಟ್ಟೋಕಾದ್ರೆ 85,000 ಉಳಿಯುತ್ತೆ, ಮತ್ತೆ ಗಾಡಿ ಹಳೇದಾಗೋ ಮುಂಚೆ ಸಾಲ ತೀರುತ್ತೆ.

ಫ್ಲಾಟ್ ರೇಟ್ ಅನ್ನೋ ಮಾತು ಕೇಳಿದ್ರೆ ಅಲ್ಲೇ ಹುಷಾರಾಗಿ. ಎಂಟು ಲಕ್ಷಕ್ಕೆ ಶೇ 9 ಫ್ಲಾಟ್ ಅಂದ್ರೆ ಐದು ವರ್ಷಕ್ಕೆ ಬಡ್ಡಿ 3,60,000, ಇಎಂಐ 19,333. ನೀವು ಅಸಲು ತೀರಿಸ್ತಾ ಬಂದ್ರೂ ಬಡ್ಡಿ ಮಾತ್ರ ಮೊದಲ ದಿನದ ಎಂಟು ಲಕ್ಷಕ್ಕೇ ಹಾಕ್ತಾ ಇರ್ತಾರೆ. ರೇಟ್ ಹೇಳೋದು ಒಂದೇ ನಂಬರ್, ಕಟ್ಟೋದು ಇಷ್ಟು ವ್ಯತ್ಯಾಸ.

ನಿಮ್ಮ ಸಂಬಳ ಯಾವ ಬ್ಯಾಂಕಿಗೆ ಬರುತ್ತೋ ಅಲ್ಲಿಗೆ ಮೊದ್ಲು ಹೋಗಿ, ಸರ್ಕಾರಿ ನೌಕರರಿಗೆ ಸಾಮಾನ್ಯವಾಗಿ ಒಳ್ಳೇ ರೇಟ್ ಸಿಗುತ್ತೆ. ಆ ಸ್ಯಾಂಕ್ಷನ್ ಲೆಟರ್ ಹಿಡ್ಕೊಂಡು ಶೋರೂಮಿಗೆ ಹೋಗಿ, ಅವ್ರ ಫೈನಾನ್ಸ್‌ನವ್ರು ಅದಕ್ಕಿಂತ ಕಮ್ಮಿ ಕೊಟ್ರೆ ತಗೊಳಿ, ಇಲ್ದಿದ್ರೆ ಇಲ್ಲ. ಪ್ರೊಸೆಸಿಂಗ್ ಫೀಸ್ ಎಷ್ಟು, ಮಧ್ಯದಲ್ಲಿ ಕ್ಲೋಸ್ ಮಾಡಿದ್ರೆ ಚಾರ್ಜ್ ಎಷ್ಟು, ಲೋನ್ ಜೊತೆ ಯಾವ್ದಾದ್ರೂ ಲೈಫ್ ಇನ್ಶೂರೆನ್ಸ್ ಸೇರಿಸಿದಾರಾ, ಸೈನ್ ಮಾಡೋ ಮುಂಚೆ ಮೂರನ್ನೂ ನೋಡಿ. ಕೊಬ್ಬರಿ ಮಾರಿದ ದುಡ್ಡು ಬಂದಾಗ ಒಂದಿಷ್ಟು ಅಸಲಿಗೆ ಕಟ್ಟೋ ಅವಕಾಶ ಇರೋ ಲೋನ್ ನಿಮ್ಮಂಥವ್ರಿಗೆ ತುಂಬಾ ಅನುಕೂಲ, ಫ್ಲೋಟಿಂಗ್ ರೇಟ್ (ಆಗಾಗ ಬದಲಾಗೋ ಬಡ್ಡಿ ದರ) ಆದ್ರೆ ಅದಕ್ಕೆ ದಂಡ ಹಾಕೋ ಹಂಗಿಲ್ಲ. ಸಾಲ ತೀರಿದ್ಮೇಲೆ ಎನ್‌ಓಸಿ (ಸಾಲ ಬಾಕಿ ಇಲ್ಲ ಅನ್ನೋ ಬ್ಯಾಂಕ್ ಪತ್ರ) ಮತ್ತೆ ಫಾರ್ಮ್ 35 ತಗೊಂಡು ಆರ್‌ಸಿಯಿಂದ ಹೈಪಾಥಿಕೇಶನ್ ತೆಗೆಸೋದು ಮರೀಬೇಡಿ, ಎಷ್ಟೋ ಜನ ಗಾಡಿ ಮಾರೋ ದಿನ ಓಡಿ ಬರ್ತಾರೆ.

ಇನ್ನೊಂದು, ಬುಕಿಂಗ್ ಅಮೌಂಟ್ ಆಗ್ಲಿ ಯಾವುದೇ ದುಡ್ಡಾಗ್ಲಿ ಶೋರೂಮ್ ಕಂಪನಿ ಅಕೌಂಟಿಗೇ ಹಾಕಿ ರಸೀದಿ ತಗೊಳಿ. ಸೇಲ್ಸ್ ಹುಡುಗನ ಸ್ವಂತ ನಂಬರಿಗೆ ಫೋನ್ ಪೇ ಮಾಡೋದು ಬೇಡವೇ ಬೇಡ, ಎಷ್ಟೇ ಒಳ್ಳೇ ಹುಡುಗ ಆಗಿದ್ರೂ.

ಮಂಡ್ಯದ_ಗೌಡ್ರ_ಮಗ

ಆಷಾಢದ್ದು ನಾನು ಹೇಳ್ತೀನಿ ಅಣ್ಣ. ನಮ್ ಕಡೆ ಆಷಾಢದಲ್ಲಿ ಯಾರೂ ಹೊಸ ಗಾಡಿ ತಗೊಳಲ್ವಲ್ಲ, ಶೋರೂಮ್ ಖಾಲಿ ಹೊಡೀತಿರುತ್ತೆ, ಅವ್ರಿಗೂ ತಿಂಗಳ ಟಾರ್ಗೆಟ್ ಮುಟ್ಬೇಕು, ಹಂಗಾಗಿ ಆಫರ್ ನಿಜವಾಗ್ಲೂ ಇರುತ್ತೆ, ಅದ್ರಲ್ಲೂ ತಿಂಗಳ ಕೊನೇಲಿ ಹೋದ್ರೆ ಮಾತಾಡೋಕೆ ಜಾಗ ಇರುತ್ತೆ. ಶ್ರಾವಣ ಬಂದು ವರಮಹಾಲಕ್ಷ್ಮಿ, ಗೌರಿ ಗಣೇಶ, ಆಯುಧಪೂಜೆ ಅಂತ ಶುರು ಆದ್ರೆ ಜನ ಕ್ಯೂ ನಿಲ್ತಾರೆ, ಆಗ ಒಂದು ರೂಪಾಯೂ ಬಿಡಲ್ಲ, ಆಯುಧಪೂಜೆ ದಿನದ ಡೆಲಿವರಿ ಗಲಾಟೇಲಿ ಗಾಡಿ ನೆಟ್ಟಗೆ ನೋಡೋಕೂ ಬಿಡಲ್ಲ. ಅಮ್ಮನ ಮಾತಿಗೂ ಬೆಲೆ ಕೊಡಿ, ಆಷಾಢದಲ್ಲಿ ಬುಕ್ ಮಾಡಿ ರೇಟ್ ಮಾತಾಡ್ಕೊಳಿ, ಶ್ರಾವಣದ ಮೊದಲ ವಾರದಲ್ಲಿ ಗಾಡಿ ತಗೊಂಡ್ ಬಂದು ನಿಂಬೆಹಣ್ಣು ಹತ್ಸಿ ಬೂದುಗುಂಬಳ ಒಡೀರಿ.

ಆದ್ರೆ ಒಂದು ಷರತ್ತು. ಬುಕ್ ಮಾಡಿದ ದಿನದ ರೇಟ್ ಅಲ್ಲ, ಬಿಲ್ ಆದ ದಿನದ ರೇಟೇ ಲೆಕ್ಕ ಅಂತ ಬುಕಿಂಗ್ ಫಾರ್ಮಲ್ಲೇ ಸಣ್ಣ ಅಕ್ಷರದಲ್ಲಿ ಇರುತ್ತೆ. ಆಫರ್ ಡೆಲಿವರಿ ತನಕ ಇರುತ್ತೆ, ಬುಕಿಂಗ್ ಕ್ಯಾನ್ಸಲ್ ಆದ್ರೆ ಇಷ್ಟು ದಿನದಲ್ಲಿ ದುಡ್ಡು ವಾಪಸ್ ಅಂತ ಅವ್ರ ಮೇಲ್ ಐಡಿಯಿಂದ ಬರೆಸ್ಕೊಳಿ. ಬಾಯಿ ಮಾತು ಸಾಲ್ದು, ಆ ಹುಡುಗ ತಿಂಗಳೊಳಗೆ ಬೇರೆ ಶೋರೂಮಿಗೆ ಹೋಗಿರ್ತಾನೆ. ಹಾಸನಕ್ಕೂ ಒಂದು ಸಲ ಹೋಗಿ ಅದೇ ಗಾಡಿಗೆ ಕೊಟೇಶನ್ ತಗೊಳಿ, ಅಲ್ಲಿ ತಗೊಂಡ್ರೂ ನಿಮ್ಮ ವಿಳಾಸಕ್ಕೆ ತಿಪಟೂರು ಕೆಎ 44 ರಿಜಿಸ್ಟ್ರೇಶನ್ ಆಗುತ್ತೆ.

ಎಕ್ಸ್‌ಚೇಂಜ್ ಗಾಡಿನೂ ಹೊರಗಡೆ ಬೆಲೆ ಕಟ್ಸಿ ನೋಡಿ. ಕೊಡೋ ದಿನ ಫಾರ್ಮ್ 29, 30 (ಮಾಲೀಕರ ಹೆಸರು ಬದಲಾಯಿಸೋ ಫಾರ್ಮ್‌ಗಳು) ಜೊತೆ ದಿನ, ಟೈಮ್ ಹಾಕಿ ಡೆಲಿವರಿ ನೋಟ್ ಸೈನ್ ಮಾಡಿಸ್ಕೊಳಿ, ಆರ್‌ಸಿ ಬೇರೆಯವ್ರ ಹೆಸರಿಗೆ ಆಗೋ ತನಕ ವಿಚಾರಿಸ್ತಾನೇ ಇರಿ. ಅಪ್ಪನ ಹೆಸರಲ್ಲೇ ಇದ್ದು ಆ ಗಾಡಿ ಎಲ್ಲೋ ಆಕ್ಸಿಡೆಂಟ್ ಮಾಡಿದ್ರೆ ಪೊಲೀಸ್‌ನವ್ರು ಬರೋದು ನಿಮ್ಮ ಮನೆಗೆ.

ತೆಂಗಿನತೋಟ_44

ಅಪ್‌ಡೇಟ್ ಹೇಳೋಣ ಅಂತ ಬಂದೆ. ಹಾಸನದ ಕೊಟೇಶನ್ ಹಿಡ್ಕೊಂಡು ತುಮಕೂರಿಗೆ ಹೋದ್ವಿ, ಮೈಸೂರು ಸರ್ ಹೇಳಿದ ಹಂಗೆ ಒಂದೊಂದೇ ಸಾಲು ಇಟ್ಕೊಂಡು ಮಾತಾಡಿದ್ವಿ. ಮ್ಯಾನೇಜರ್ ಬಂದು ಕೂತ್ರು. ಆರ್‌ಟಿಓ 1,37,000ಕ್ಕೆ ಬಂತು, ಹ್ಯಾಂಡ್ಲಿಂಗ್ ತೆಗೆದ್ರು, ಕೋಟಿಂಗ್ ತೆಗೆದ್ರು, ಕಿಟ್ ಬದ್ಲು ಬರೀ ಮ್ಯಾಟ್ ಮತ್ತೆ ಮಡ್ ಫ್ಲಾಪ್ 3,200. ಇನ್ಶೂರೆನ್ಸ್ ಹೊರಗಡೆ ಅದೇ ಐಡಿವಿಗೆ ಝೀರೋ ಡೆಪ್ ಸೇರಿ ಕಮ್ಮಿಗೆ ಸಿಕ್ತಿತ್ತು, ಅದನ್ನ ತೋರಿಸಿದ್ಮೇಲೆ ಅವ್ರೇ 34,200ಕ್ಕೆ ಇಳಿದ್ರು. ವಾರಂಟಿ, ಫಾಸ್ಟ್ಯಾಗ್ ಇಟ್ಕೊಂಡ್ವಿ. 25,000 ಡಿಸ್ಕೌಂಟ್ ಹಂಗೇ ಇದೆ, ಎಲ್ಲಾ ಸೇರಿ 10,24,500. ಲೋನ್ ನನ್ನ ಸಂಬಳದ ಬ್ಯಾಂಕಲ್ಲೇ ಐದು ವರ್ಷಕ್ಕೆ. ಅಮ್ಮ ಹಿಂದಿನ ಸೀಟಲ್ಲಿ ಕೂತು ತೋಟದ ತನಕ ಬಂದ್ರು, ಮೊದ್ಲು ನೋಡಿದ್ದ ಗಾಡಿಗಿಂತ ಇದ್ರಲ್ಲಿ ಇಳಿಯೋದು ಸುಲಭ ಅಂದ್ರು.

ಈಗ ಒಂದೇ ಅನುಮಾನ. ನಂಬರ್ ಪ್ಲೇಟ್ ಬರೋದು ತಡ ಆಗ್ಬೋದು, ಶ್ರಾವಣದ ಒಳ್ಳೇ ದಿನ ಗಾಡಿ ಹಂಗೇ ತಗೊಂಡ್ಹೋಗಿ, ಪ್ಲೇಟ್ ಆಮೇಲೆ ಹಾಕಿ ಕೊಡ್ತೀವಿ, ಅದಕ್ಕೆ ಸ್ವಲ್ಪ ಎಕ್ಸ್‌ಟ್ರಾ ಆಗುತ್ತೆ ಅಂತಿದಾರೆ. ಒಪ್ಕೋಬೋದಾ?

ಮೈಸೂರು_ಲೆಕ್ಕ

ಒಪ್ಕೋಬೇಡಿ ಮೇಷ್ಟ್ರೇ. 2019ರ ಏಪ್ರಿಲ್‌ನಿಂದ ಹೊಸ ಗಾಡಿಗೆ ಹೈ ಸೆಕ್ಯುರಿಟಿ ಪ್ಲೇಟ್ ಗಾಡಿ ಜೊತೆನೇ ಕೊಡ್ಬೇಕು, ಅದಕ್ಕೆ ಬೇರೆ ದುಡ್ಡು ಕೇಳೋ ಹಂಗಿಲ್ಲ. ಪ್ಲೇಟ್ ಇಲ್ದೆ ರೋಡಿಗೆ ಇಳಿಸಿದ್ರೆ ದಂಡ ಬೀಳೋದು ನಿಮಗೆ, ಏನಾದ್ರೂ ಆದ್ರೆ ಇನ್ಶೂರೆನ್ಸ್‌ನವ್ರೂ ತಗಾದೆ ತೆಗೀತಾರೆ. ನೀವು ಇಷ್ಟ ಪಟ್ಟ ದಿನಕ್ಕೆ ಸಾಕಷ್ಟು ಮುಂಚೆನೇ ಹುಬ್ಬಳ್ಳಿಯವ್ರು ಹೇಳಿದಂಗೆ ಗಾಡಿ ನೋಡಿ ಓಕೆ ಮಾಡಿ, ಆಗ ಬಿಲ್ ಮಾಡಿ ಟ್ಯಾಕ್ಸ್ ಕಟ್ಟೋಕೆ ಅವ್ರಿಗೆ ಟೈಮ್ ಸಿಗುತ್ತೆ. ಡೆಲಿವರಿ ದಿನ ಒರಿಜಿನಲ್ ಇನ್ವಾಯ್ಸ್, ಟ್ಯಾಕ್ಸ್ ರಸೀದಿ, ಪಾಲಿಸಿ, ಫಾರ್ಮ್ 21, ವಾರಂಟಿ ಪೇಪರ್, ಎರಡೂ ಕೀ ಕೈಗೆ ಬಂದ್ಮೇಲೆ ಸೈನ್ ಮಾಡಿ. ಇನ್ವಾಯ್ಸಲ್ಲಿರೋ ಛಾಸಿ ನಂಬರ್ ಗಾಡಿ ಮೇಲಿರೋದಕ್ಕೆ ಅಕ್ಷರ ಅಕ್ಷರ ತಾಳೆ ನೋಡಿ. ಪ್ಲೇಟ್ ವಿಷ್ಯದಲ್ಲಿ ಮತ್ತೂ ಹಠ ಮಾಡಿದ್ರೆ ಕಾರ್ ಕಂಪನಿ ಕಸ್ಟಮರ್ ಕೇರ್‌ಗೆ ಮೇಲ್ ಹಾಕಿ, ಅದಕ್ಕೂ ಬಗ್ಗದಿದ್ರೆ 1915 ಗ್ರಾಹಕರ ಸಹಾಯವಾಣಿ ಇದೆ, ಅಲ್ಲಿ ಕಂಪ್ಲೇಂಟ್ ನಂಬರ್ ಕೊಡ್ತಾರೆ, ಆ ನಂಬರ್ ಮ್ಯಾನೇಜರ್‌ಗೆ ಕಳಿಸಿ.